ಅಡಕೊತ್ತಿನ ಮೂಲ: ಪುಣೆಯ ಕೇಳಕರ ಸಂಗ್ರಹದ ನಿಮಿತ್ತ ಒಂದು ಪರಾಮರ್ಶೆ

1

ಹಳೆಯ ವಸ್ತುಗಳನ್ನು ಕೂಡಿಸುವುದು ಬೇರೆ, ಅವುಗಳ ಮೂಲವನ್ನು ಶೋಧಿಸುವುದು ಬೇರೆ. ಮೊದಲನೆಯದು ಹುರುಪು, ಹಣ, ಸ್ಥಳಾವಕಾಶ ಇವಿಷ್ಟಿದ್ದರೆ ನಡೆದುಹೋಗುತ್ತದೆ. ಎರಡನೆಯದಕ್ಕೆ ಇವುಗಳ ಜೊತೆಗೆ ಸಂಶಯಬುದ್ಧಿಯೂ ಬೇಕು. ಕೈಗೆ ಬಂದ ವಸ್ತು ತನ್ನ ವಿಷಯವಾಗಿ ಏನು ಹೇಳುತ್ತಿದೆ, ಮಾರಿದವನು ಏನು ಹೇಳಿದ, ಕೊಂಡವನು ಏನನ್ನು ನಂಬಬಯಸಿದ ಎಂಬ ಮೂರು ಸಂಗತಿಗಳನ್ನು ಬೇರ್ಪಡಿಸಿ ನೋಡುವ ತಾಳ್ಮೆ ಬೇಕು. ಈ ಎರಡು ಕೆಲಸಗಳ ನಡುವಣ ಅಂತರವನ್ನು ಅರಿಯಲು ಪುಣೆಯ ಶುಕ್ರವಾರ ಪೇಠೆಯಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ಬಹು ಅನುಕೂಲವಾದ ಸ್ಥಳ.

ಅಲ್ಲಿಯ ಸಾವಿರಾರು ವಸ್ತುಗಳಲ್ಲಿ ಕನ್ನಡಿಗನ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯುವಂಥವು ಅಡಕೊತ್ತುಗಳು. ಮರಾಠಿಗರು ಇದನ್ನು ‘ಅಡಕಿತ್ತಾ’ ಎನ್ನುತ್ತಾರೆ. ಒಂದು ಕೀಲಿನ ಮೇಲೆ ಅಲಗು ತಿರುಗಿ, ತನ್ನ ಜೊತೆಯ ತೋಳಿನ ಮೇಲೆ ಮಡಿಚಿ ಕೂಡುವ ಉಪಕರಣಗಳ ಕುಲದಲ್ಲಿ ಮೂರು ಮುಖ್ಯ: ಮಡಿಸುವ ಚಾಕು, ಕತ್ತರಿ, ಅಡಕೊತ್ತು. ಮೂರರಲ್ಲಿಯೂ ಕೆಲಸವೆಲ್ಲ ಒಂದು ಸಣ್ಣ ಕೀಲನ್ನು ಅವಲಂಬಿಸಿದೆ. ಪಾಶ್ಚಾತ್ಯ ದೇಶಗಳ ಸಂಗ್ರಾಹಕರು ಮಡಿಸುವ ಚಾಕುಗಳನ್ನು ಕೂಡಿಸಿ, ಅವು ಯಾವ ಊರಿನ ಯಾವ ಕಮ್ಮಟದಲ್ಲಿ ಯಾವ ದಶಕದಲ್ಲಿ ಹುಟ್ಟಿದವೆಂಬುದನ್ನು ಗೊತ್ತುಪಡಿಸುವುದನ್ನೇ ಒಂದು ಶಾಸ್ತ್ರವನ್ನಾಗಿ ಬೆಳೆಯಿಸಿದ್ದಾರೆ. ದಕ್ಷಿಣಾಪಥದಲ್ಲಿ ಆ ಬಗೆಯ ಶೋಧಕ್ಕೆ ಅತ್ಯಂತ ಯೋಗ್ಯವಾದ ವಸ್ತು ಯಾವುದೆಂದರೆ ಅಡಕೊತ್ತು.

‘ಅಡಕಿತ್ತಾ’ ಎಂಬ ಹೆಸರು ಕಿವಿಗೆ ಬಿದ್ದೊಡನೆ “ಇದು ನಮ್ಮದು” ಎಂಬ ಉದ್ಗಾರ ಹೊರನಾಡ ಕನ್ನಡಿಗನ ಬಾಯಿಂದ ಹೊರಡುವುದು ಸಹಜ. ಆ ಉದ್ಗಾರದಲ್ಲಿ ಸತ್ಯವೆಷ್ಟು, ಅಭಿಮಾನವೆಷ್ಟು ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

2

ದಿನಕರ ಗಂಗಾಧರ ಕೇಳಕರರು (1896-1990) ಪುಣೆಯಲ್ಲಿ ಮನೆತನದ ಕನ್ನಡಕದ ವ್ಯಾಪಾರವನ್ನು ನಡೆಯಿಸಿಕೊಂಡಿದ್ದವರು. ‘ಅಜ್ಞಾತವಾಸಿ’ ಎಂಬ ಹೆಸರಿನಿಂದ ಮರಾಠಿಯಲ್ಲಿ ಕವಿತೆ ಬರೆದವರು. 1920ರ ಸುಮಾರಿಗೆ ಆರಂಭವಾದ ಅವರ ಸಂಗ್ರಹಕಾರ್ಯ 1960ರ ಹೊತ್ತಿಗೆ ಸುಮಾರು 15,000 ವಸ್ತುಗಳಿಗೆ ಮುಟ್ಟಿತ್ತು. 1962ರಲ್ಲಿ ಅದು ಸಾರ್ವಜನಿಕ ವಸ್ತುಸಂಗ್ರಹಾಲಯದ ರೂಪವನ್ನು ತಾಳಿತು. ಮುಂದೆ ಸಂಗ್ರಹವನ್ನೆಲ್ಲ ಅವರು ಮಹಾರಾಷ್ಟ್ರ ಸರಕಾರಕ್ಕೆ ದಾನವಾಗಿ ಒಪ್ಪಿಸಿದರು. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರನ್ನು ಅದಕ್ಕೆ ಇಡಲಾಯಿತು. ಇಂದು ಅಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಸ್ತುಗಳಿವೆ. ಪ್ರದರ್ಶನದಲ್ಲಿರುವವು ಸುಮಾರು 2,500. ಈ ಸೇವೆಗಾಗಿ ಕೇಳಕರರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಈ ಕೆಲಸದ ಹಿರಿಮೆಯನ್ನು ತಿಳಿಯಬೇಕಾದರೆ ಪುಣೆಯ ವಿದ್ವತ್ಪರಂಪರೆಯ ಹಿನ್ನೆಲೆಯಲ್ಲಿ ಅದನ್ನು ಇಟ್ಟು ನೋಡಬೇಕು. 1910ರಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಲ, 1917ರಲ್ಲಿ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಇಲ್ಲಿ ಸ್ಥಾಪಿತವಾದವು. ಒಂದು ಸಂಸ್ಥೆ ದಫ್ತರದ ಕಾಗದಪತ್ರಗಳನ್ನು, ಇನ್ನೊಂದು ಹಸ್ತಪ್ರತಿಗಳನ್ನು ಕಾಯ್ದುಕೊಂಡಿತು. ಅಡಿಗೆಮನೆಯ ಹಣತೆ, ಮಸಿಕುಡಿಕೆ, ಬೀಗ, ಬಾಚಣಿಗೆ, ಕಾಲು ತಿಕ್ಕುವ ವಜ್ರಿ, ತಾಂಬೂಲದ ತಬಕು ಇವುಗಳನ್ನು ಇತಿಹಾಸದ ಸಾಮಗ್ರಿ ಎಂದು ಆ ಕಾಲದಲ್ಲಿ ಬಗೆದವರು ವಿರಳ. ಅರಸನ ಆಜ್ಞಾಪತ್ರಕ್ಕೆ ಇದ್ದ ಮರ್ಯಾದೆ ಅಜ್ಜಿಯ ಅಡಕೊತ್ತಿಗೆ ಇರಲಿಲ್ಲ. ಆ ಮರ್ಯಾದೆಯನ್ನು ತಂದುಕೊಟ್ಟವರು ಪದವಿಪೀಠದ ಪಂಡಿತರಲ್ಲ, ಒಬ್ಬ ಅಂಗಡಿಕಾರರು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಆದರೆ ಸಂಗ್ರಹದ ಬಗೆಯೇ ಅದರ ಮಿತಿಯನ್ನೂ ನಿರ್ಧರಿಸುತ್ತದೆ. ಗೃಹೋಪಯೋಗಿ ವಸ್ತುಗಳು ಸಂಗ್ರಾಹಕನ ಕೈಗೆ ಬರುವುದು ಬಹುಶಃ ಒಂದು ಮನೆ ಒಡೆದಾಗ. ವಾಡೆ ಉರುಳುತ್ತದೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಹಿತ್ತಾಳೆ ತಾಮ್ರಗಳು ತೂಕದ ಮೇಲೆ ಮೋಡಕಾ ವ್ಯಾಪಾರಿಗೆ ಹೋಗುತ್ತವೆ. ಅಲ್ಲಿಂದ ವಸ್ತು ಬದುಕಿ ಬಂದರೂ ಅದರ ಮನೆತನದ ಮಾತು ಅಲ್ಲಿಯೇ ಉಳಿಯುತ್ತದೆ. ಯಾವ ಊರಿನ ಸಂತೆಯಲ್ಲಿ ಕೊಂಡದ್ದು, ಯಾವ ಮದುವೆಯಲ್ಲಿ ಬಳುವಳಿಯಾಗಿ ಬಂದದ್ದು, ಆ ಮನೆಯವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬಂಥ ವಿವರ ತಕ್ಕಡಿಗೆ ಹತ್ತುವುದಿಲ್ಲ. ಆದಕಾರಣವೇ ಇಂಥ ಸಂಗ್ರಹಗಳಲ್ಲಿ ವಸ್ತುವಿನ ಜೊತೆಗೆ ನಿಲ್ಲುವ ವಿವರ ಸಾಮಾನ್ಯವಾಗಿ ನಾಲ್ಕೇ ಮಾತಿನದು: ಹೆಸರು, ಲೋಹ, ಶತಮಾನ, ಪ್ರದೇಶ. ಇವುಗಳಲ್ಲಿ ಲೋಹವೊಂದೇ ಕಣ್ಣಿಗೆ ಕಾಣುವ ಸಂಗತಿ, ಹೆಸರು ಸಂಗ್ರಹಿಸಿದವರ ಭಾಷೆಯದು, ಉಳಿದೆರಡು ಅನುಮಾನ. ಅನುಮಾನ ಮಾಡುವುದು ತಪ್ಪಲ್ಲ. ಅದು ಪ್ರತ್ಯಕ್ಷವೆಂಬಂತೆ ಅಚ್ಚಾಗಿ ಕೂತಾಗ ಮಾತ್ರ ತೊಡಕು ಆರಂಭವಾಗುತ್ತದೆ.

3

ಮೊದಲು ವಸ್ತುವನ್ನೇ ನೋಡಬೇಕು. ಕತ್ತರಿಯಲ್ಲಿ ಕೀಲು ನಡುವೆ ಇರುತ್ತದೆ. ಹಿಡಿಕೆಗಳು ಒಂದು ಕಡೆ, ಅಲಗುಗಳು ಇನ್ನೊಂದು ಕಡೆ. ಎರಡೂ ತೋಳುಗಳಿಗೆ ಅಲಗು ಇದ್ದು ಒಂದನ್ನೊಂದು ಸವರಿಕೊಂಡು ಹೋಗುತ್ತವೆ. ಅಡಕೊತ್ತಿನಲ್ಲಿ ಕೀಲು ತುದಿಗೆ ಇರುತ್ತದೆ. ಕೀಲಿಗೂ ಕೈಗೂ ನಡುವೆ ಅಡಕೆಯ ಸ್ಥಾನ. ಮೇಲಿನ ತೋಳಿಗೆ ಮಾತ್ರ ಅಲಗು. ಕೆಳಗಿನದು ಅಡಕೆಯನ್ನು ಹೊರುವ ಪೀಠ. ಕೀಲಿನಿಂದ ಒಂದು ಅಂಗುಲದಲ್ಲಿ ಅಡಕೆ ಇದ್ದು, ಆರು ಅಂಗುಲದಲ್ಲಿ ಕೈ ಒತ್ತಿದರೆ ಒತ್ತಿದ ಬಲ ಅಡಕೆಯ ಮೇಲೆ ಆರು ಪಟ್ಟಾಗಿ ಬೀಳುತ್ತದೆ. ಕಲ್ಲಿನಂಥ ಒಣಗಿದ ಅಡಕೆಯನ್ನು ವೃದ್ಧೆಯೊಬ್ಬಳು ಸಲೀಸಾಗಿ ಹೋಳು ಮಾಡುವುದರ ಗುಟ್ಟು ಇಷ್ಟೇ.

ಇಷ್ಟನ್ನು ಗಮನಿಸಿದರೆ ಕನ್ನಡದಲ್ಲಿ ಈ ಉಪಕರಣಕ್ಕಿರುವ ಎರಡು ಹೆಸರುಗಳ ಭೇದ ಸ್ಪಷ್ಟವಾಗುತ್ತದೆ. ‘ಅಡಕತ್ತರಿ’ ಎಂದವರು ಅದರ ಆಕಾರವನ್ನು ನೋಡಿದರು: ಎರಡು ತೋಳು, ಒಂದು ಕೀಲು, ಬಾಯಿ ತೆರೆದು ಮುಚ್ಚುವ ಬಗೆ. ‘ಅಡಕೊತ್ತು’ ಎಂದವರು ಅದರ ಕೆಲಸವನ್ನು ನೋಡಿದರು: ಕೊತ್ತುವುದು ಎಂದರೆ ಕೆಳಗೊಂದು ಆಧಾರವನ್ನು ಇಟ್ಟುಕೊಂಡು ಮೇಲಿನಿಂದ ಕಡಿಯುವುದು. ಯಂತ್ರಶಾಸ್ತ್ರದ ದೃಷ್ಟಿಯಿಂದ ಎರಡನೆಯ ಹೆಸರೇ ಹೆಚ್ಚು ಸರಿಯಾದುದು.

ಇನ್ನು ಅದರ ತಯಾರಿಕೆ. ಸರಳವಾದ ಕಬ್ಬಿಣದ ಅಡಕೊತ್ತನ್ನು ಒಬ್ಬ ಕಮ್ಮಾರನೇ ಮಾಡಿ ಮುಗಿಸಬಲ್ಲ. ವಸ್ತುಸಂಗ್ರಹಾಲಯಗಳು ಆದರಿಸುವ ಅಲಂಕೃತ ಅಡಕೊತ್ತು ಹಾಗಲ್ಲ. ನವಿಲು, ಗಿಳಿ, ಕುದುರೆ, ದಂಪತಿಗಳ ಆಕೃತಿಯ ಹಿತ್ತಾಳೆಯ ಒಡಲನ್ನು ಎರಕ ಹೊಯ್ದು ಅರದಿಂದ ಉಜ್ಜಿ ಸಿದ್ಧಪಡಿಸುವುದು ಕಂಚುಗಾರನ ಕೆಲಸ. ಹಿತ್ತಾಳೆ ಹರಿತ ಹಿಡಿಯದಾದ್ದರಿಂದ ಅದರೊಳಗೆ ಉಕ್ಕಿನ ಅಲಗನ್ನು ಕೂರಿಸಬೇಕು. ಅದು ಕಮ್ಮಾರನ ಕೆಲಸ. ಹೀಗೆ ಒಂದು ಗೇಣುದ್ದದ ವಸ್ತುವಿನಲ್ಲಿ ಎರಡು ಕಸುಬುಗಳು ಕೂಡುತ್ತವೆ. ಅಲಗು ಸವೆದಾಗ ಹೊಸದನ್ನು ಹಾಕಿಸುತ್ತಾರೆ. ಕೀಲು ಸಡಿಲಾದಾಗ ಬೇರೊಬ್ಬ ಅದನ್ನು ಬಡಿದು ಬಿಗಿಯುತ್ತಾನೆ. ಒಡಲು ಒಂದು ಊರಿನದು, ಅಲಗು ಇನ್ನೊಂದು ಊರಿನದು, ಕೀಲು ಮೂರನೆಯ ಊರಿನದು ಆಗಿರಲು ಅಡ್ಡಿಯಿಲ್ಲ. “ಇದರ ಮೂಲ ಯಾವುದು?” ಎಂಬ ಪ್ರಶ್ನೆಗೆ ಏಕವಚನದಲ್ಲಿ ಉತ್ತರ ಹೇಳಹೊರಟವನು ಇಲ್ಲಿಯೇ ಎಡವುತ್ತಾನೆ.

4

ಈಗ ಹೆಸರಿನ ಸಾಕ್ಷ್ಯವನ್ನು ಪರಿಶೀಲಿಸಬಹುದು. ಈ ಸಾಕ್ಷ್ಯ ಕನ್ನಡಿಗರ ಪಾಲಿಗೆ ಬಲವಾದುದು. ಬಲವಾದುದರಿಂದಲೇ ಎಚ್ಚರದಿಂದ ಬಳಸತಕ್ಕದ್ದು.

ಮರಾಠಿಯಲ್ಲಿ ಅಡಕೆಗೆ ‘ಸುಪಾರಿ’ ಎನ್ನುತ್ತಾರೆ. ಸಂಸ್ಕೃತದ ‘ಪೂಗಫಲ’ದಿಂದ ಬಂದ ‘ಪೋಫಳ’ ಎಂಬ ಮಾತೂ ಉಂಟು. ಈ ಎರಡರಲ್ಲಿ ಯಾವುದೂ ‘ಅಡಕಿತ್ತಾ’ ಎಂಬುದರಲ್ಲಿ ಸೇರಿಲ್ಲ. ಅಂದರೆ ಮರಾಠಿ ಮಾತಾಡುವವನು ಸುಪಾರಿಯನ್ನು ಅಡಕಿತ್ತಾದಿಂದ ಕತ್ತರಿಸುತ್ತಾನೆ. ಹೆಸರಿನ ಮೊದಲ ಭಾಗ ಅವನ ಭಾಷೆಯಲ್ಲಿ ಆ ಕಾಯಿಯನ್ನು ಸೂಚಿಸುವುದಿಲ್ಲ. ಕನ್ನಡದಲ್ಲಿಯಾದರೋ ‘ಅಡಕೆ’ ಮನೆಮಾತು. ತಮಿಳಿನ ‘ಅಡೈಕ್ಕಾಯ್’, ಮಲೆಯಾಳದ ‘ಅಡಯ್ಕ್ಕ’ ಇದರ ದಾಯಾದಿಗಳು. ಪಶ್ಚಿಮ ಕರಾವಳಿಯ ಇದೇ ಮಾತನ್ನು ಪೋರ್ತುಗೀಜರು ಎತ್ತಿಕೊಂಡು ‘ಅರೆಕಾ’ ಎಂದು ಯುರೋಪಿಗೆ ಒಯ್ದರು. 1753ರಲ್ಲಿ ಲಿನಿಯಸನು ಅದನ್ನೇ ಈ ಮರದ ಶಾಸ್ತ್ರೀಯ ನಾಮದಲ್ಲಿ ಸೇರಿಸಿದನು. ಹೀಗಿರುವಾಗ ‘ಅಡಕಿತ್ತಾ’ ಎಂಬುದರ ಪೂರ್ವಪದ ದ್ರಾವಿಡದ್ದೆಂಬುದೂ, ನೆರೆಯ ಕನ್ನಡದಿಂದ ಮರಾಠಿಗೆ ಬಂದಿತೆಂಬುದೂ ಸಂದೇಹಕ್ಕೆ ಆಸ್ಪದವಿಲ್ಲದ ಮಾತು. ಮರಾಠಿಯ ಕೋಶಕಾರರೂ ಈ ಸಂಬಂಧವನ್ನು ಕಾಣದೆ ಹೋಗಿಲ್ಲ.

ಸುತ್ತಲಿನ ಭಾಷೆಗಳನ್ನು ನೋಡಿದರೆ ಈ ನಿರ್ಣಯ ಇನ್ನಷ್ಟು ಗಟ್ಟಿಯಾಗುತ್ತದೆ. ಹಿಂದಿಯ ‘ಸರೌತಾ’, ಗುಜರಾತಿಯ ‘ಸೂಡಿ’ ಈ ಹೆಸರುಗಳಲ್ಲಿ ಅಡಕೆಯ ಪ್ರಸ್ತಾಪವೇ ಇಲ್ಲ. ತಮಿಳಿನ ‘ಪಾಕ್ಕುವೆಟ್ಟಿ’ ಆ ಭಾಷೆಯಲ್ಲಿಯೇ ಅರ್ಥವಾಗುವ ಮಾತು. ‘ಪಾಕ್ಕು’ ಎಂದರೆ ಅಡಕೆ, ‘ವೆಟ್ಟು’ ಎಂದರೆ ಕಡಿ. ತೆಲುಗಿನ ಸ್ಥಿತಿ ಮರಾಠಿಯ ಸ್ಥಿತಿಯಂತೆಯೇ ಇದೆ. ಅಲ್ಲಿ ಅಡಕೆಗೆ ‘ವಕ್ಕ’, ‘ಪೋಕ’ ಎಂಬುವು ಬಳಕೆಯ ಮಾತುಗಳು. ಆದರೆ ಉಪಕರಣದ ಹೆಸರು ‘ಅಡಕತ್ತೆರ’. ಇಕ್ಕಟ್ಟಿಗೆ ಸಿಕ್ಕಿದವನನ್ನು ತೆಲುಗರು ಅಡಕತ್ತೆರದಲ್ಲಿಯ ಪೋಕೆಚಕ್ಕೆಗೆ ಹೋಲಿಸುತ್ತಾರೆ. ಆ ಒಂದೇ ನುಡಿಗಟ್ಟಿನಲ್ಲಿ ಕಾಯಿಯ ಹೆಸರು ಒಂದು ಕುಲದ್ದು, ಉಪಕರಣದ ಹೆಸರು ಇನ್ನೊಂದು ಕುಲದ್ದು! ಕನ್ನಡಿಗರು ಅಡಕತ್ತರಿಯಲ್ಲಿ ಸಿಕ್ಕಿಕೊಂಡಂತಾಯಿತು ಎನ್ನುತ್ತಾರೆ. ಮರಾಠಿಗರು ಅಡಕಿತ್ತಾದಲ್ಲಿ ಸಿಕ್ಕಿದ ಸುಪಾರಿಯ ಮಾತನ್ನು ಆಡುತ್ತಾರೆ. ಉಪಕರಣದೊಡನೆ ಉಪಮೆಯೂ ಮೂರು ಭಾಷೆಗಳಲ್ಲಿ ಸಂಚರಿಸಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಮರಾಠಿಯಲ್ಲಿ ‘ಅಡಕಣೆ’ ಎಂದರೆ ಸಿಕ್ಕಿಕೊಳ್ಳು. ಸಿಕ್ಕಿಸಿ ಒತ್ತುವ ಸಾಧನವಾದ್ದರಿಂದ ‘ಅಡಕಿತ್ತಾ’ ಎಂದು ಆಯಿತು ಎನ್ನಬಾರದೇಕೆ? ಕೇಳಲು ಇಂಪಾದ ವಿವರಣೆ. ಆದರೆ ತೆಲುಗಿನ ‘ಅಡಕತ್ತೆರ’ಕ್ಕೂ ಕನ್ನಡದ ‘ಅಡಕತ್ತರಿ’ಗೂ ಅದು ಅನ್ವಯಿಸದು, ಮೂರು ಭಾಷೆಗಳ ರೂಪಗಳನ್ನು ಒಟ್ಟಿಗೆ ವಿವರಿಸಬಲ್ಲ ನಿಷ್ಪತ್ತಿಯೇ ಗ್ರಾಹ್ಯ. ‘ಅಡಕಣೆ’ಯ ಸಾದೃಶ್ಯ ಮರಾಠಿಯಲ್ಲಿ ಈ ಪರಕೀಯ ಮಾತು ನೆಲೆ ನಿಲ್ಲಲು ನೆರವಾಗಿರಬಹುದು, ಅದಕ್ಕಿಂತ ಹೆಚ್ಚಿನ ಮಹತ್ವವನ್ನು ಅದಕ್ಕೆ ಕೊಡಲಾಗದು.

ಕನ್ನಡದ ಪಕ್ಷದಲ್ಲಿಯೂ ಒಂದು ದೌರ್ಬಲ್ಯ ಉಂಟು. ಅದನ್ನು ಮುಚ್ಚಿಡುವುದು ಸಂಶೋಧಕನಿಗೆ ತಕ್ಕುದಲ್ಲ. ಉತ್ತರಪದವಾದ ‘ಕಿತ್ತಾ’ ಎಂಬುದನ್ನು ‘ಕೊತ್ತು’ವಿನಿಂದ ತರಬೇಕಾದರೆ ಒಕಾರ ಇಕಾರವಾದುದಕ್ಕೆ ಕಾರಣ ಕೊಡಬೇಕು, ‘ಕತ್ತಿ’ಯಿಂದ ತರಬೇಕಾದರೆ ಸ್ವರಗಳು ಸ್ಥಾನ ಬದಲಿಸಿದುದಕ್ಕೆ ಕಾರಣ ಕೊಡಬೇಕು. ‘ಕತ್ತರಿ’ಯನ್ನು ಹಿಡಿದರೆ ಅದು ಸಂಸ್ಕೃತದ ‘ಕರ್ತರಿ’ಯಿಂದ ಬಂದುದೋ, ದ್ರಾವಿಡದ ‘ಕತ್ತಿ’ಯ ಬಳಗದ್ದೋ ಎಂಬ ಹಳೆಯ ವಾದ ಎದುರಾಗುತ್ತದೆ. ಆದುದರಿಂದ ಪೂರ್ವಪದ ಖಚಿತ, ಉತ್ತರಪದ ಸಂಭಾವ್ಯ ಎಂದು ನುಡಿಯುವುದು ನ್ಯಾಯವಾದುದು. ಮೋಲ್ಸ್‌ವರ್ಥನ ಮರಾಠಿ ಕೋಶದ 1857ರ ಆವೃತ್ತಿಯಲ್ಲಿ ಈ ಮಾತು ಬಂದಿರುವುದರಿಂದ ಆ ವೇಳೆಗೆ ಅದು ಮರಾಠಿಯಲ್ಲಿ ಪೂರ್ತಿಯಾಗಿ ಮನೆಮಾಡಿತ್ತೆಂದು ಹೇಳಬಹುದು.

5

ಹೆಸರು ಕನ್ನಡದ್ದಾದರೆ ವಸ್ತುವೂ ಕನ್ನಡದ್ದೇ? ಇಲ್ಲಿಯೇ ಪ್ರಕೃತ ವಿಷಯದ ಮರ್ಮವಿದೆ.

ಶಬ್ದಗಳ ಹಾಗೂ ಸ್ಥಳನಾಮಗಳ ಜಾಡು ಹಿಡಿದು ಮಹಾರಾಷ್ಟ್ರದ ಸಂಸ್ಕೃತಿಯ ತಳದಲ್ಲಿ ಕನ್ನಡದ ಪದರವನ್ನು ತೋರಿಸಿಕೊಟ್ಟ ಕೀರ್ತಿ ಶಂ. ಬಾ. ಜೋಶಿಯವರಿಗೆ (1896-1991) ಸಲ್ಲುತ್ತದೆ. 1952ರಲ್ಲಿ ಅವರು ‘ಮರ್‍ಹಾಟೀ ಸಂಸ್ಕೃತಿ’ಯನ್ನು ಕುರಿತ ಗ್ರಂಥವನ್ನು ಮರಾಠಿಯಲ್ಲಿಯೇ ಬರೆದು ಮರಾಠಿ ವಿದ್ವಾಂಸರ ಮುಂದೆಯೇ ಆ ವಾದವನ್ನು ಇಟ್ಟರು. ಆ ಗ್ರಂಥದಿಂದ ಸ್ಫೂರ್ತಿ ಪಡೆದ ಹೊರನಾಡ ಕನ್ನಡಿಗರು ಹಲವರು. ಆದರೆ ಗುರುಗಳು ಶ್ರಮಪಟ್ಟು ಬೆಳೆಯಿಸಿದ ಪದ್ಧತಿ ಅನುಯಾಯಿಗಳ ಕೈಯಲ್ಲಿ ಸುಲಭವಾದ ಆಟವಾಗುವ ಅಪಾಯ ಯಾವಾಗಲೂ ಇರುತ್ತದೆ. ಶಬ್ದ ಒಂದು ದಾರಿಯಿಂದ, ವಸ್ತು ಇನ್ನೊಂದು ದಾರಿಯಿಂದ ಬರಬಹುದೆಂಬುದನ್ನು ಮರೆತರೆ ಆ ಆಟ ಆರಂಭವಾಗುತ್ತದೆ.

ಎರಡು ದೃಷ್ಟಾಂತಗಳು ಸಾಕು. ಮರಾಠಿಯ ‘ತೂಪ’ ಕನ್ನಡದ ‘ತುಪ್ಪ’ವೇ ಎಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಆದರೆ ಬೆಣ್ಣೆ ಕಾಯಿಸುವುದನ್ನು ಮರಾಠಿಗರು ಕನ್ನಡಿಗರಿಂದ ಕಲಿತರೆಂದು ಯಾರೂ ಹೇಳಲಾರರು. ಇಲ್ಲಿ ಶಬ್ದ ದಾಟಿ ಬಂದಿತು, ವಸ್ತು ಮೊದಲೇ ಇದ್ದಿತು. ಇದಕ್ಕೆ ಎದುರಾದುದು ‘ಚಾಕು’ವಿನ ಉದಾಹರಣೆ. ಕನ್ನಡದಲ್ಲಿ ‘ಕತ್ತಿ’, ‘ಚೂರಿ’ ಇದ್ದೇ ಇದ್ದವು. ಹಾಗಿದ್ದೂ ‘ಚಾಕು’ ಎಂಬ ಪಾರಸಿ ಮಾತು ಕನ್ನಡ, ಮರಾಠಿ ಎರಡರಲ್ಲಿಯೂ ನೆಲೆಸಿತು. ಪಾರಸಿಯಲ್ಲಿ ಆ ಮಾತಿನ ಅರ್ಥ ಕಿಸೆಯಲ್ಲಿ ಮಡಿಸಿ ಇಡುವ ಸಣ್ಣ ಅಲಗು. ದಖ್ಖನಿನ ಕಚೇರಿಗಳಲ್ಲಿ ಬೋರು ಕೊರೆದು ಲೇಖಣಿ ಮಾಡಿಕೊಳ್ಳುತ್ತಿದ್ದ ಕಾರಕೂನನಿಗೆ ಇಂಥ ಸಣ್ಣ ಅಲಗು ನಿತ್ಯದ ಅಗತ್ಯ. ಹಳೆಯ ಮಾತುಗಳು ಇದ್ದೂ ಹೊಸ ಮಾತು ನಿಂತಿದೆ ಎಂದರೆ ಹೊಸ ಬಗೆಯ ವಸ್ತುವೇ ಅದರೊಡನೆ ಬಂದಿರುವ ಸಂಭವ ಹೆಚ್ಚು.

ಅಡಕೊತ್ತು ಈ ಎರಡರಲ್ಲಿ ಯಾವ ಪಂಕ್ತಿಗೆ ಸೇರಿದ್ದು? ಇದನ್ನು ನಿರ್ಣಯಿಸಲು ತಾಂಬೂಲದ ಪ್ರಾಚೀನತೆಯನ್ನು ಮುಂದೆ ಮಾಡುವವರಿದ್ದಾರೆ. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಭೋಗಕ್ಕೆ ಪ್ರತ್ಯೇಕ ಸ್ಥಾನವಿದೆ, ಎಲೆ ಅಡಕೆಗಳ ಸುಂಕವನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟ ಕನ್ನಡ ಶಾಸನಗಳು ಹೇರಳವಾಗಿವೆ. ಆದರೆ ತಾಂಬೂಲದ ವಯಸ್ಸು ಅಡಕೊತ್ತಿನ ವಯಸ್ಸಲ್ಲ. ಅಡಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಬಹುದು, ಬರಿಯ ಕತ್ತಿಯಿಂದ ಹೆರೆಯಬಹುದು. ಅಡಕೊತ್ತಿಲ್ಲದೆ ತಾಂಬೂಲ ನಿಲ್ಲುವುದಿಲ್ಲ. ಹಾಗೆಯೇ ರಾಷ್ಟ್ರಕೂಟರ ಎಂಟನೆಯ ಶತಮಾನದ ತಾಮ್ರಪಟಗಳಲ್ಲಿ ಪುಣೆಯ ಪ್ರದೇಶದ ಹೆಸರು ಬರುತ್ತದೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿಯೇ ಆದರೂ, ಇಲ್ಲಿಯ ಹಿತ್ತಾಳೆಯ ನವಿಲಿಗೆ ಅದರಿಂದ ಕನ್ನಡದ ಪಟ್ಟ ದೊರೆಯುವುದಿಲ್ಲ.

ಇನ್ನೂ ಒಂದು ತೊಡಕನ್ನು ಲಕ್ಷಿಸಬೇಕು. ಅಡಕೆ ಬೆಳೆಯುವ ಮಲೆನಾಡಿನಲ್ಲಿ ಬೆಳೆಗಾರನ ಮುಖ್ಯ ಸಾಧನ ಅಡಕೊತ್ತಲ್ಲ. ಕಾಲಿನಿಂದ ಮೆಟ್ಟಿ ಹಿಡಿದು ಸುಲಿಯುವ ಮೆಟ್ಟುಗತ್ತಿ. ಅಲ್ಲಿಯ ಕೆಂಪಡಕೆಯನ್ನು ಹಸಿಯಾಗಿರುವಾಗಲೇ ಸುಲಿದು ಹೆಚ್ಚಿ ಬೇಯಿಸುತ್ತಾರೆ. ಇಡಿಯಾಗಿ ಒಣಗಿಸಿದ ಗಟ್ಟಿ ಅಡಕೆ ದೂರದ ಪೇಟೆಗೆ ಸಾಗಿ, ಕೊಂಡವನ ಮನೆಯಲ್ಲಿ ಹೋಳಾಗಬೇಕಾದಾಗ ಅಡಕೊತ್ತು ಅನಿವಾರ್ಯವಾಗುತ್ತದೆ. ಅಡಕೆಯ ತೋಟವಿಲ್ಲದ ಕಚ್ಛ, ಸೌರಾಷ್ಟ್ರ, ರಾಜಸ್ಥಾನಗಳಲ್ಲಿಯೂ ಸೊಗಸಾದ ಅಡಕೊತ್ತುಗಳು ದೊರೆಯುವುದಕ್ಕೆ ಕಾರಣ ಇದೇ. ಅದು ಬೆಳೆಗಾರನಿಗಿಂತ ಹೆಚ್ಚಾಗಿ ಮೆಲ್ಲುವವನ ಉಪಕರಣ, ತೋಟಕ್ಕಿಂತ ಹೆಚ್ಚಾಗಿ ವ್ಯಾಪಾರದ ಹಾದಿಯ ವಸ್ತು. ಪುಣೆಗೆ ಅಡಕೆ ಕೊಂಕಣದಿಂದಲೂ ಬರುತ್ತಿತ್ತು. ಶ್ರೀವರ್ಧನದ ರೋಠಾ ಸುಪಾರಿ ಪ್ರಸಿದ್ಧವಾದುದು, ಪೇಶವೆಯರ ಮೂಲಸ್ಥಾನವೂ ಅದೇ ಊರು. ಹತ್ತಿರದಲ್ಲಿಯೇ ಅಡಕೆ ಇದ್ದೂ ಉಪಕರಣದ ಹೆಸರು ಮಾತ್ರ ತೆಂಕಣದಿಂದ ಬಂದಿತೆಂಬುದು, ಹೆಸರಿನ ಜೊತೆಗೆ ಉಪಕರಣವೋ ಅದನ್ನು ಮಾಡುವ ಇಲ್ಲವೆ ಮಾರುವ ಜನವೋ ಬಂದಿರಬಹುದೆಂಬ ಊಹೆಗೆ ಬಲ ಕೊಡುತ್ತದೆ. ಆದರೂ ಅದು ಊಹೆ. ಪ್ರತಿಯೊಂದು ಅಡಕೊತ್ತಿನ ಜನ್ಮಪತ್ರಿಕೆಯನ್ನಾಗಿ ಅದನ್ನು ಓದಲಾಗದು.

6

ಪಶ್ಚಿಮದ ಚಾಕು ಸಂಗ್ರಾಹಕರ ಮಾರ್ಗದೊಡನೆ ಈ ಪರಿಸ್ಥಿತಿಯನ್ನು ಹೋಲಿಸಿದರೆ ಲಾಭವುಂಟು. ಇಂಗ್ಲಂಡಿನ ಶೆಫೀಲ್ಡ್ ಊರಿನಲ್ಲಿ 1624ರಷ್ಟು ಹಿಂದೆಯೇ ಕಾನೂನಿನ ಮೂಲಕ ಸ್ಥಾಪಿತವಾದ ಚಾಕುಗಾರರ ಸಂಘವು ಪ್ರತಿಯೊಬ್ಬ ಕಸುಬುದಾರನ ಮುದ್ರೆಯನ್ನು ದಾಖಲು ಮಾಡಿಕೊಳ್ಳುತ್ತಿತ್ತು. ಮಡಿಸುವ ಚಾಕುವಿನ ಅಲಗು ಕೀಲಿಗೆ ಸೇರುವ ಬುಡದಲ್ಲಿ ಆ ಮುದ್ರೆ ಒತ್ತಿರುತ್ತದೆ. ನಕ್ಷತ್ರ ಹಾಗೂ ಶಿಲುಬೆಯ ಗುರುತು ಇದ್ದರೆ ಅದು ಜೋಸೆಫ್ ರಾಜರ್ಸ್ ಕಂಪನಿಯದು. 1890ರ ಅಮೇರಿಕೆಯ ಸುಂಕದ ಕಾನೂನು ಆಮದಾದ ಮಾಲಿನ ಮೇಲೆ ದೇಶದ ಹೆಸರು ಇರತಕ್ಕದ್ದೆಂದು ವಿಧಿಸಿತು. ಆದಕಾರಣ ಆ ಪೇಟೆಗೆ ಹೋದ ಚಾಕುವಿನ ಮೇಲೆ ದೇಶದ ಹೆಸರಿದ್ದರೆ ಅದು ಬಹುಶಃ 1891ರಿಂದ ಈಚಿನದು. ಹೀಗೆ ಒಂದು ಸಣ್ಣ ಒತ್ತಿನಿಂದ ಊರೂ ಕಾಲವೂ ತಿಳಿಯುತ್ತವೆ. ಅಲ್ಲಿಯೂ ಮೋಸ ಇಲ್ಲದಿಲ್ಲ. ಹೆಸರಾದ ಕಂಪನಿಯ ಹೆಸರಿಗೆ ಹತ್ತಿರವಾದ ಹೆಸರನ್ನು ಒತ್ತಿ ಮಾರಿದವರು ಉಂಟು. ಭಾರತದಲ್ಲಿ ‘ರಾಮಪುರಿ’ ಎಂಬುದು ಮೊದಲು ಒಂದು ಊರಿನ ಚಾಕುವಿನ ಹೆಸರಾಗಿದ್ದು, ಆಮೇಲೆ ಎಲ್ಲಿ ಮಾಡಿದರೂ ಆ ಜಾತಿಯ ಚಾಕುವಿಗೆ ಸಲ್ಲತೊಡಗಿತು. ಊರಿನ ಹೆಸರೂ ಕೂಡ ಊರನ್ನು ಬಿಟ್ಟು ಹೋಗುತ್ತದೆ.

ಅಡಕೊತ್ತಿನ ಮೇಲೆ ಸಾಮಾನ್ಯವಾಗಿ ಮಾಡಿದವನ ಮುದ್ರೆ ಇರುವುದಿಲ್ಲ. ಕಂಚುಗಾರ, ಕಮ್ಮಾರರು ತಮ್ಮ ಹೆಸರನ್ನು ಒತ್ತುವ ರೂಢಿಯವರಲ್ಲ. ಕೊಳ್ಳುವವನಿಗೆ ಮಾಡಿದವನ ಮುಖವೇ ಪರಿಚಿತವಾಗಿದ್ದಾಗ ಮುದ್ರೆಯ ಅಗತ್ಯವಾದರೂ ಏನು? ಇದರಿಂದಾಗಿ ವಿದೇಶದ ಅಭ್ಯಾಸಿಗಳು ಆಕಾರವನ್ನೇ ಆಧಾರವಾಗಿ ಹಿಡಿದರು. ಪೋಲಂಡಿನಲ್ಲಿ ಹುಟ್ಟಿ ಅಮೇರಿಕೆಯಲ್ಲಿ ನೆಲಸಿದ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ (1913-1998) ಭಾರತ ಹಾಗೂ ಆಗ್ನೇಯ ಏಷ್ಯದ ಶಿಲ್ಪಗಳೊಡನೆ ಅಡಕೊತ್ತುಗಳನ್ನೂ ಕೂಡಿಸಿದರು. ಆ ಸಂಗ್ರಹವನ್ನು ಕುರಿತು ಹೆನ್ರಿ ಬ್ರೌನ್‌ರಿಗ್ ಎಂಬವರು ಬರೆದ ಪುಸ್ತಕ 1990ರ ದಶಕದ ಆರಂಭದಲ್ಲಿ ಹೊರಬಂದಿತು. ಗುಜರಾತದ ಸೂಡಿ, ಸಿಂಹಳದ ಗಿರಯ, ಜಾವಾ ಬಾಲಿಗಳ ಕಚಿಪ್ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಾಗ ಪ್ರದೇಶ ಪ್ರದೇಶದ ರೂಪಭೇದ ತಾನಾಗಿ ಎದ್ದು ಕಾಣುತ್ತದೆ. ಇದು ಕೇಳಕರರ ಮಾರ್ಗಕ್ಕಿಂತ ಭಿನ್ನವಾದುದು. ಕೇಳಕರರು ಅಡಕೊತ್ತನ್ನು ತಬಕು, ಸುಣ್ಣದ ಡಬ್ಬಿ, ಹಣತೆ, ಬೀಗಗಳ ನಡುವೆ, ಅಂದರೆ ಒಂದು ಮನೆಯೊಳಗೆ, ಇರಿಸಿದರು. ಐಲೆನ್‌ಬರ್ಗರ ಸಂಗ್ರಹ ಅದನ್ನು ಅದರ ದೂರದೂರದ ಜ್ಞಾತಿಗಳ ನಡುವೆ ಇರಿಸಿತು. ಮೊದಲನೆಯದರಿಂದ ಉಪಯೋಗ ತಿಳಿಯುತ್ತದೆ, ಎರಡನೆಯದರಿಂದ ರೂಪ ತಿಳಿಯುತ್ತದೆ. ಎರಡರಿಂದಲೂ ತಿಳಿಯದೆ ಉಳಿಯುವುದು ನಿರ್ದಿಷ್ಟವಾದ ಒಂದು ಅಡಕೊತ್ತು ಯಾವ ಕೈಯಿಂದ ಯಾವ ಕೈಗೆ ಬಂದಿತು ಎಂಬುದು. ವಸ್ತುಗಳಿಗಿಂತ ಅವುಗಳ ನಡುವಣ ಸಂಬಂಧಕ್ಕೆ ಪ್ರಾಧಾನ್ಯ ಕೊಡುವ ಗಣಿತಶಾಖೆಯೊಂದರ ಪ್ರವರ್ತಕರಲ್ಲಿ ಐಲೆನ್‌ಬರ್ಗರೂ ಒಬ್ಬರು. ವಸ್ತುಸಂಗ್ರಹಾಲಯಗಳು ಅಳವಡಿಸಿಕೊಳ್ಳಬೇಕಾದ ತತ್ತ್ವವೂ ಅದೇ.

7

ಹಾಗಾದರೆ ಮೂಲಶೋಧಕ್ಕೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ಒಂಟಿ ಸಾಕ್ಷ್ಯದ ದಾರಿಯಲ್ಲ. ವಸ್ತುವಿನ ಮೈಮೇಲೆಯೇ ಓದಬಹುದಾದ ಬರೆಹ ಉಂಟು. ನಿಜವಾಗಿ ಬಳಸಿದ ಅಡಕೊತ್ತಿನ ಕೆಳಗಿನ ತೋಳಿನಲ್ಲಿ, ಅಡಕೆ ಕೂರುವ ಜಾಗದಲ್ಲಿ, ಸವೆತ ಇರುತ್ತದೆ. ಅಲಗನ್ನು ಮೇಲಿಂದ ಮೇಲೆ ಸಾಣೆ ಹಿಡಿಸಿದುದರಿಂದ ಅದರ ಅಂಚು ಒಳಬಾಗಿರುತ್ತದೆ. ಹೆಬ್ಬೆರಳು ಒತ್ತುವ ಎಡೆಯಲ್ಲಿ ನವಿಲಿನ ಗರಿ ನುಣುಪಾಗಿ ಅಳಿಸಿಹೋಗಿರುತ್ತದೆ, ಕೈ ತಾಗದ ಮೂಲೆಯಲ್ಲಿ ಅದೇ ಗರಿ ಮೊನಚಾಗಿ ಉಳಿದಿರುತ್ತದೆ. ಹಳೆಯದೆಂದು ಮಾರಲು ಈಚೆಗೆ ಮಾಡಿದ ವಸ್ತುವಿನಲ್ಲಿ ಕಪ್ಪು ಎಲ್ಲ ಕಡೆಗೂ ಸಮನಾಗಿ ಹರಡಿರುತ್ತದೆ. ಅಲಗು ಸಾಣೆಯನ್ನೇ ಕಂಡಿರುವುದಿಲ್ಲ. ಒಡಲು, ಅಲಗು, ಕೀಲು ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಬೇರೆ ಬೇರೆಯಾಗಿಯೇ ದಾಖಲು ಮಾಡಬೇಕು.

ಮೈಮೇಲಿನ ಬರೆಹದಷ್ಟೇ ಮುಖ್ಯವಾದುದು ಬಾಯಿಯ ಮಾತು. ಇಲ್ಲಿಯೇ ಹೊರನಾಡ ಕನ್ನಡಿಗರ ಕರ್ತವ್ಯ ಒದಗುತ್ತದೆ. ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರ, ಮಂಗಳೂರು ಸೀಮೆಗಳಿಂದ ನೌಕರಿಗೆಂದೋ ವ್ಯಾಪಾರಕ್ಕೆಂದೋ ಪುಣೆಗೆ ಬಂದ ಮನೆತನಗಳು ಪೆಟ್ಟಿಗೆಗಳಲ್ಲಿ ಪಾತ್ರೆಪಡಗಗಳೊಡನೆ ಅಡಕೊತ್ತನ್ನೂ ತಂದವು. ಈಗ ಎಲೆ ಅಡಕೆ ಮೆಲ್ಲುವ ರೂಢಿ ಮನೆಗಳಲ್ಲಿ ಇಳಿದಿದೆ. ಬೇಕಾದವರಿಗೆ ಹೋಳು ಮಾಡಿದ ಅಡಕೆ ಪೊಟ್ಟಣದಲ್ಲಿ ಸಿಗುತ್ತದೆ. ಅಡಕೊತ್ತು ಅಟ್ಟಕ್ಕೆ ಏರಿದೆ. ಅಲ್ಲಿಂದ ಮುಂದಿನ ಪ್ರಯಾಣ ಮೋಡಕಾ ಅಂಗಡಿಗೆ ಇಲ್ಲವೆ ಹಳೆಯ ವಸ್ತುಗಳ ಶೋಕಿ ಮಳಿಗೆಗೆ. ಅಲ್ಲಿಗೆ ಹೋದ ಮೇಲೆ ಅದಕ್ಕೆ ‘ಮಹಾರಾಷ್ಟ್ರ, ಹತ್ತೊಂಬತ್ತನೆಯ ಶತಮಾನ’ ಎಂಬ ಚೀಟಿ ಅಂಟಿದರೆ ಆಕ್ಷೇಪಿಸುವ ಅಧಿಕಾರ ಯಾರಿಗೂ ಉಳಿಯುವುದಿಲ್ಲ. ಹಕ್ಕಿನ ದಾಖಲೆಯನ್ನು ತಾವೇ ಕಳೆದುಕೊಂಡವರು ಹಕ್ಕಿನ ಮಾತನ್ನು ಆಡುವುದು ಹೇಗೆ?

ಕನ್ನಡ ಸಂಘಗಳು ದೊಡ್ಡ ವಸ್ತುಸಂಗ್ರಹಾಲಯಗಳನ್ನು ಕಟ್ಟಬೇಕಾಗಿಲ್ಲ. ಒಂದು ದಾಖಲೆಯ ಪುಸ್ತಕ ಸಾಕು. ಸದಸ್ಯರ ಮನೆಯಲ್ಲಿರುವ ಪ್ರತಿಯೊಂದು ಹಳೆಯ ಉಪಕರಣಕ್ಕೆ ಒಂದು ಪುಟ: ಮನೆಯ ಹಿರಿಯರು ಅದನ್ನು ಕರೆಯುವ ಹೆಸರು, ಅವರ ಉಚ್ಚಾರದಲ್ಲಿಯೇ, ಅದರ ಅಂಗಾಂಗಗಳ ಹೆಸರುಗಳು, ಅದು ಬಂದ ಊರು, ಬಂದ ಸಂದರ್ಭ, ಅಳತೆ, ತೂಕ, ಲೋಹ, ದುರಸ್ತಿಯಾದುದು ಎಲ್ಲಿ, ಯಾರಿಂದ, ಒಂದು ಛಾಯಾಚಿತ್ರ. ಖಚಿತವಾದುದನ್ನು ಖಚಿತವೆಂದೂ, ಕೇಳಿದ ಮಾತನ್ನು ಕೇಳಿದ್ದೆಂದೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕು. ವಿಜಾಪುರದವರ ‘ಅಡಕೊತ್ತ’ಕ್ಕೂ ಮೈಸೂರಿನವರ ‘ಅಡಕತ್ತರಿ’ಗೂ ಗಡಿ ಎಲ್ಲಿ ಬೀಳುತ್ತದೆ, ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಯಾವ ರೂಪ ನಡೆಯುತ್ತದೆ ಎಂಬುದು ಇಂಥ ನೂರು ಪುಟಗಳಿಂದ ತಿಳಿದೀತು, ‘ಕಿತ್ತಾ’ ಎಂಬುದರ ಇಕಾರದ ಒಗಟೂ ಅಲ್ಲಿಯೇ ಬಿಡಿಸಿದರೆ ಆಶ್ಚರ್ಯವಿಲ್ಲ.

“ಇದು ನಮ್ಮದು” ಎಂಬ ಉದ್ಗಾರಕ್ಕೆ ಕೊಡಬಹುದಾದ ಉತ್ತರವನ್ನು ಈಗ ಸಂಗ್ರಹಿಸಿ ಹೇಳಬಹುದು. ಹೆಸರಿನ ಮೊದಲರ್ಧ ಕನ್ನಡದ್ದು, ಅದು ಸಿದ್ಧವಾದ ಸಂಗತಿ. ಹೆಸರಿನೊಡನೆ ಉಪಕರಣವೂ ಬಡಗಣಕ್ಕೆ ಬಂದಿರಬಹುದು, ಅದು ಸಂಭವನೀಯ. ಗಾಜಿನ ಪೆಟ್ಟಿಗೆಯೊಳಗಿನ ಈ ನವಿಲು, ಆ ಗಿಳಿ ಕನ್ನಡದ ಕಂಚುಗಾರನ ಕೈಯಿಂದ ಬಂದುದೆಂಬುದು ಒಂದೊಂದಾಗಿ ಸಾಧಿಸಬೇಕಾದ ವಿಷಯ. ಕೇಳಕರರು ಎಪ್ಪತ್ತು ವರ್ಷ ಶ್ರಮಿಸಿ ವಸ್ತುಗಳನ್ನು ತಕ್ಕಡಿಯಿಂದ ಉಳಿಸಿದರು. ವಸ್ತುಗಳೊಡನೆ ಹೋಗುವ ಮಾತನ್ನು ಉಳಿಸುವ ಕೆಲಸಕ್ಕೆ ಅಷ್ಟು ಹಣ ಬೇಡ, ಅಷ್ಟು ಸ್ಥಳವೂ ಬೇಡ. ಆ ಮಾತನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಕೇಳಿ ಬರೆದುಕೊಂಡರೆ ಆಯಿತು.